ಮೂವತ್ತು ಮಾತ್ರೆಯ ಡಬ್ಬಿ

ಜಿಲ್ಲಾಸ್ಪತ್ರೆಯ ಎಆರ್‌ಟಿ ಸೆಂಟರಿನಲ್ಲಿ, ಅಂದರೆ ಎಚ್‌ಐವಿ ಇರುವವರಿಗೆ ಚಿಕಿತ್ಸೆ ಕೊಡುವ ಜಾಗದಲ್ಲಿ, ಮಾತ್ರೆ ಕೊಡುವ ಕಿಟಕಿಯಿಂದ ಸ್ವಲ್ಪ ಆಚೆಗೆ ಒಂದು ಕಸದ ಬುಟ್ಟಿ ಇರುತ್ತದೆ. ಮಧ್ಯಾಹ್ನದ ಹೊತ್ತಿಗೆ ಅದರಲ್ಲಿ ಏನೇನಿದೆ ನೋಡಿ: ಖಾಲಿ ಬಿಳಿ ಪ್ಲಾಸ್ಟಿಕ್ ಡಬ್ಬಿಗಳು, ಉಗುರಿನಿಂದ ಕೆರೆದು ಕಿತ್ತ ಲೇಬಲ್ಲಿನ ಚೂರುಗಳು, ಡಬ್ಬಿಯೊಳಗಿನ ತೇವ ಹೀರಲೆಂದು ಇಟ್ಟ ಸಿಲಿಕಾ ಜೆಲ್ಲಿನ ಪುಟ್ಟ ಚೀಟಿಗಳು. ಮಾತ್ರೆಗಳು ಮಾತ್ರ ಇಲ್ಲ. ಅವು ಪ್ಲಾಸ್ಟಿಕ್ ಕವರಿಗೋ ಎಲೆಯಡಿಕೆ ಚೀಲಕ್ಕೋ ಸೆರಗಿನ ಗಂಟಿಗೋ ಸೇರಿ ಆಗಲೇ ಬಸ್ ಹತ್ತಿವೆ.

ಹೀಗೆ ಮಾಡುವುದಕ್ಕೆ ಕಾರಣ ಎರಡು. ಲೇಬಲ್ ಓದಬಲ್ಲವರು ಪ್ರತಿ ಮನೆಯಲ್ಲೂ ಒಬ್ಬರಿದ್ದಾರೆ. ಓದಿ ಅರ್ಥವಾಗದಿದ್ದರೂ ಮೊಬೈಲಿನಲ್ಲಿ ಹೆಸರು ಹೊಡೆದು ಹುಡುಕಬಲ್ಲ ಹುಡುಗರಿದ್ದಾರೆ. ಎರಡನೆಯದು ಸದ್ದು. ಮೂವತ್ತು ಮಾತ್ರೆಯ ಡಬ್ಬಿ ಕೈಚೀಲದಲ್ಲಿದ್ದರೆ ಬಸ್ಸು ಗುಂಡಿಗಿಳಿದಾಗಲೆಲ್ಲ ಗಲಗಲ ಅನ್ನುತ್ತದೆ. ಪಕ್ಕದ ಸೀಟಿನಲ್ಲಿ ಊರಿನವರೇ ಇದ್ದರೆ ಆ ಸದ್ದು ಇನ್ನೂ ಜೋರಾಗಿ ಕೇಳಿಸುತ್ತದೆ.

ಆದರೆ ಆ ಮಾತ್ರೆಯಲ್ಲಿರುವ ಟೆನೊಫೊವಿರ್ ತೇವ ತಡೆಯದ ಔಷಧಿ. ಕವರಿನಲ್ಲಿ ತಿಂಗಳುಗಟ್ಟಲೆ ಇಟ್ಟರೆ, ಅದರಲ್ಲೂ ಮಲೆನಾಡಿನ, ಕರಾವಳಿಯ ಮಳೆಗಾಲದಲ್ಲಿ, ಮಾತ್ರೆ ಮೆತ್ತಗಾಗಿ ಸತ್ವ ಇಳಿಯುತ್ತದೆ. ಲೇಬಲ್ ಕೀಳುವುದಿದ್ದರೆ ಕೀಳಲಿ, ತಪ್ಪೇನಿಲ್ಲ. ಕೀಳುವ ಮೊದಲು ಅದರ ಮೇಲಿನ ಔಷಧಿಯ ಹೆಸರು, ಬ್ಯಾಚ್ ನಂಬರ್, ಅವಧಿ ಮುಗಿಯುವ ತಿಂಗಳು ಇಷ್ಟನ್ನು ಸೆಂಟರಿನವರು ಕೊಟ್ಟ ಹಸಿರು ಪುಸ್ತಕದಲ್ಲಿ ಬರೆಸಿಕೊಳ್ಳಬೇಕು. ಸಿಲಿಕಾ ಚೀಟಿಯನ್ನು ಎಸೆಯದೆ ಮಾತ್ರೆಯನ್ನು ಅದೇ ಡಬ್ಬಿಯಲ್ಲಿ ಉಳಿಸಿಕೊಂಡು, ಡಬ್ಬಿಯನ್ನು ಟವೆಲಿನಲ್ಲಿ ಬಿಗಿಯಾಗಿ ಸುತ್ತಿಟ್ಟರೆ ಸದ್ದೂ ಅಡಗುತ್ತದೆ. ಹೊರಗೆ ಒಯ್ಯಲು ಒಂದು ವಾರಕ್ಕೆ ಬೇಕಾದ ಏಳು ಮಾತ್ರೆ ಮಾತ್ರ ಸಣ್ಣ ಬಿಗಿ ಮುಚ್ಚಳದ ಡಬ್ಬಿಗೆ ಹಾಕಿಕೊಂಡರೆ ಸಾಕು.

ಇಂಥ ಸಣ್ಣ ವಿಷಯವನ್ನು ಮೊದಲಿಗೇ ಹೇಳಿದ್ದಕ್ಕೆ ಕಾರಣವಿದೆ. ಎಚ್‌ಐವಿಗೆ ಸಂಬಂಧಿಸಿದ ನೀತಿ, ಕಾಯ್ದೆ, ಗುರಿ, ಶೇಕಡಾ ಲೆಕ್ಕ ಏನೇ ಇರಲಿ, ಕೊನೆಗೆ ಎಲ್ಲವೂ ಬಂದು ನಿಲ್ಲುವುದು ಈ ಡಬ್ಬಿಯ ಹತ್ತಿರವೇ. ಇದನ್ನು ಒಂದು ಸಾಮಾನ್ಯ ಮನೆಯಲ್ಲಿ, ಸಕ್ಕರೆ ಕಾಯಿಲೆಯ ಮಾತ್ರೆಯ ಪಕ್ಕದಲ್ಲಿ, ಇಡಲು ಆಗುತ್ತದೆಯೇ ಇಲ್ಲವೇ? ನನ್ನ ಮಟ್ಟಿಗೆ ಯಾವುದೇ ಯೋಜನೆಯನ್ನು ಅಳೆಯುವ ಕೋಲು ಇದೊಂದೇ.

ಡಬ್ಬಿಯೊಳಗಿನ ಮಾತ್ರೆಗೆ ಸೆಂಟರಿನಲ್ಲಿ ಎಲ್ಲರೂ ಹೇಳುವ ಹೆಸರು ಟಿಎಲ್‌ಡಿ. ಟೆನೊಫೊವಿರ್ 300 ಮಿಲಿಗ್ರಾಂ, ಲ್ಯಾಮಿವುಡಿನ್ 300 ಮಿಲಿಗ್ರಾಂ, ಡೊಲುಟೆಗ್ರಾವಿರ್ 50 ಮಿಲಿಗ್ರಾಂ, ಮೂರೂ ಸೇರಿ ಒಂದೇ ಮಾತ್ರೆ, ದಿನಕ್ಕೆ ಒಂದು. ವೈರಸ್ಸು ನಮ್ಮ ಜೀವಕೋಶದೊಳಗೆ ಹೊಕ್ಕ ಮೇಲೆ ತನ್ನ ಆರ್‌ಎನ್‌ಎಯನ್ನು ಡಿಎನ್‌ಎಯಾಗಿ ನಕಲು ಮಾಡಿಕೊಳ್ಳಬೇಕು. ಮೊದಲ ಎರಡು ಔಷಧಿಗಳು ಆ ನಕಲಿನ ನಡುವೆ ಸೇರಿಕೊಳ್ಳುವ ಒಡಕು ಇಟ್ಟಿಗೆಗಳಿದ್ದಂತೆ. ಅವು ಕೂತ ಮೇಲೆ ಮುಂದಿನ ವರಸೆ ಏಳುವುದಿಲ್ಲ. ಕಣ್ತಪ್ಪಿಸಿ ನಕಲು ಮುಗಿಸಿದ ವೈರಸ್ಸು ತನ್ನ ಡಿಎನ್‌ಎಯನ್ನು ನಮ್ಮ ಡಿಎನ್‌ಎಯೊಳಗೆ ಹೊಲಿದು ಸೇರಿಸಬೇಕಲ್ಲ, ಆ ಹೊಲಿಗೆಗೆ ಡೊಲುಟೆಗ್ರಾವಿರ್ ಬಿಡುವುದಿಲ್ಲ. ಒಂದೇ ಔಷಧಿ ಯಾಕೆ ಸಾಲದು? ಚಿಕಿತ್ಸೆ ಇಲ್ಲದ ದೇಹದಲ್ಲಿ ದಿನಕ್ಕೆ ಸಾವಿರ ಕೋಟಿಯಷ್ಟು ಹೊಸ ವೈರಸ್ ಕಣಗಳು ಹುಟ್ಟುತ್ತವೆ, ನಕಲಿನಲ್ಲಿ ತಪ್ಪುಗಳೂ ಧಾರಾಳ. ಅಷ್ಟರಲ್ಲಿ ಒಂದು ಔಷಧಿಗೆ ಬಗ್ಗದ ಕಣ ಹುಟ್ಟುವುದು ಸುಲಭ. ಮೂರಕ್ಕೂ ಒಟ್ಟಿಗೇ ಬಗ್ಗದ ಕಣ ಹುಟ್ಟುವುದು ಕಷ್ಟ.

ಇಲ್ಲಿಗೆ ಬಂದು ಮುಟ್ಟಲು ಕಾಲ ಹಿಡಿಯಿತು. ಭಾರತದಲ್ಲಿ ಮೊದಲ ಪ್ರಕರಣಗಳು ಪತ್ತೆಯಾದದ್ದು 1986ರಲ್ಲಿ, ಚೆನ್ನೈನಲ್ಲಿ. ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ, ಅಂದರೆ ನ್ಯಾಕೊ, ಹುಟ್ಟಿದ್ದು 1992ರಲ್ಲಿ. 2001ರಲ್ಲಿ ಸಿಪ್ಲಾ ಕಂಪನಿ ಮೂರು ಔಷಧಿಗಳ ಒಂದು ವರ್ಷದ ಚಿಕಿತ್ಸೆಯನ್ನು ಸುಮಾರು 350 ಡಾಲರಿಗೆ ಕೊಡುತ್ತೇನೆ ಎಂದಿತು. ಆಗ ಅಮೆರಿಕ, ಯುರೋಪಿನಲ್ಲಿ ಅದೇ ಚಿಕಿತ್ಸೆಗೆ ವರ್ಷಕ್ಕೆ ಹತ್ತು ಸಾವಿರ ಡಾಲರಿನ ಮೇಲೆ ಬೆಲೆಯಿತ್ತು. ಅಷ್ಟಾದರೂ ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ ಎಆರ್‌ಟಿ ಶುರುವಾಗಲು 2004ರ ಏಪ್ರಿಲ್ 1 ಬರಬೇಕಾಯಿತು. ಸೋಂಕು ಹೆಚ್ಚಿದ್ದ ಆರು ರಾಜ್ಯಗಳಿಗೆ ಮೊದಲ ಸರದಿ, ಕರ್ನಾಟಕ ಅವುಗಳಲ್ಲೊಂದು.

ಆಗಿನ ಮಾತ್ರೆಯಲ್ಲಿ ಸ್ಟ್ಯಾವುಡಿನ್ ಇರುತ್ತಿತ್ತು. ಜೀವ ಉಳಿಸಿದ ಔಷಧಿಯೇ ಹೌದು. ಆದರೆ ವರ್ಷ ಎರಡು ವರ್ಷ ನುಂಗಿದವರ ಕೆನ್ನೆಯ ಕೊಬ್ಬು ಕರಗಿ ಮುಖ ಬತ್ತುತ್ತಿತ್ತು, ಕೈಕಾಲು ಕಡ್ಡಿಯಾಗುತ್ತಿತ್ತು, ಪಾದ ಉರಿಯುತ್ತಿತ್ತು. ಕಾಯಿಲೆ ಬಚ್ಚಿಡಲು ಆಗುತ್ತಿತ್ತು, ಚಿಕಿತ್ಸೆಯನ್ನು ಬಚ್ಚಿಡಲು ಆಗುತ್ತಿರಲಿಲ್ಲ. ಮುಖ ನೋಡಿಯೇ ಊರು ಪತ್ತೆ ಹಚ್ಚುತ್ತಿತ್ತು. ಅದರ ಜಾಗಕ್ಕೆ ಬಂದ ಜಿಡೊವುಡಿನ್ ರಕ್ತಹೀನತೆ ತರುತ್ತಿತ್ತು. ನೆವಿರಪಿನ್ ಕೆಲವರಿಗೆ ಮೈತುಂಬ ಗಂದೆ ಏಳಿಸುತ್ತಿತ್ತು. ಎಫವಿರೆಂಜ್ ರಾತ್ರಿ ತಲೆ ತಿರುಗಿಸಿ ವಿಚಿತ್ರ ಕನಸು ಬೀಳಿಸುತ್ತಿತ್ತು. 2020ರ ನಂತರ ದೇಶದಾದ್ಯಂತ ಟಿಎಲ್‌ಡಿಗೆ ಬದಲಾದಾಗ ಆದ ದೊಡ್ಡ ಲಾಭ ಇದು: ಔಷಧಿ ಮೈಮೇಲೆ ಬರೆಯುವುದನ್ನು ನಿಲ್ಲಿಸಿತು. ಕೆಲವರಿಗೆ ತೂಕ ಏರುತ್ತದೆ, ಕೆಲವರಿಗೆ ನಿದ್ದೆ ಕೆಡುತ್ತದೆ. ನಿದ್ದೆ ಕೆಡುವವರು ಮಾತ್ರೆಯನ್ನು ರಾತ್ರಿಯಿಂದ ಬೆಳಿಗ್ಗೆಗೆ ಬದಲಾಯಿಸಿಕೊಂಡರೆ ಬಹುಪಾಲು ಸರಿಹೋಗುತ್ತದೆ.

ಇನ್ನೊಂದು ತಪ್ಪು ನೀತಿಯದ್ದು. ಮೊದಮೊದಲು ಸಿಡಿ4 ಎಣಿಕೆ (ರೋಗದೊಂದಿಗೆ ಹೋರಾಡುವ ಬಿಳಿ ರಕ್ತಕಣಗಳ ಲೆಕ್ಕ) 200ಕ್ಕಿಂತ ಕೆಳಗಿಳಿದವರಿಗಷ್ಟೇ ಮಾತ್ರೆ. ಆಮೇಲೆ ಗೆರೆ 350ಕ್ಕೆ, 500ಕ್ಕೆ ಏರಿ, 2017ರಲ್ಲಿ ಗೆರೆಯನ್ನೇ ಅಳಿಸಿ, ಪಾಸಿಟಿವ್ ಬಂದ ಎಲ್ಲರಿಗೂ ತಕ್ಷಣ ಚಿಕಿತ್ಸೆ ಎಂದಾಯಿತು. ಹಣ, ಔಷಧಿ ಎರಡೂ ಕಡಿಮೆ ಇದ್ದ ಕಾಲದಲ್ಲಿ ಗೆರೆ ಎಳೆದದ್ದಕ್ಕೆ ಕಾರಣವಿತ್ತು ಎಂಬುದನ್ನು ಒಪ್ಪೋಣ. ಆದರೆ ಅದರ ಬೆಲೆ ತೆತ್ತವರು ‘ನಿಮ್ಮ ಎಣಿಕೆ ಚೆನ್ನಾಗಿದೆ, ಆರು ತಿಂಗಳು ಬಿಟ್ಟು ಬನ್ನಿ’ ಎಂದು ಹೇಳಿಸಿಕೊಂಡವರು. ‘ಚೆನ್ನಾಗಿದೆ’ ಎಂದ ಮೇಲೆ ಕೂಲಿ ಬಿಟ್ಟು ಯಾರು ಬರುತ್ತಾರೆ? ಅನೇಕರು ಮತ್ತೆ ಆಸ್ಪತ್ರೆಗೆ ಬಂದದ್ದು ಕ್ಷಯ ಹಿಡಿದು, ಯಾರದ್ದೋ ಹೆಗಲ ಮೇಲೆ. ಬೇಗ ಶುರು ಮಾಡಿದರೆ ಸಾವು ಮತ್ತು ದೊಡ್ಡ ಕಾಯಿಲೆ ಅರ್ಧಕ್ಕಿಂತ ಹೆಚ್ಚು ತಗ್ಗುತ್ತವೆ ಎಂದು 2015ರಲ್ಲಿ ಸ್ಟಾರ್ಟ್ ಅಧ್ಯಯನ ತೋರಿಸಿದ ಮೇಲೆ ವಾದಕ್ಕೆ ಜಾಗ ಉಳಿಯಲಿಲ್ಲ.

ನುಂಗುವ ಕ್ರಮ ಸರಳ. ಊಟಕ್ಕೆ ಮೊದಲಾದರೂ ಸರಿ, ಆಮೇಲಾದರೂ ಸರಿ, ದಿನಾ ಒಂದೇ ಹೊತ್ತಿಗೆ ಇರಲಿ. ರಂಜಾನ್ ಉಪವಾಸ ಮಾಡುವವರು ಇಫ್ತಾರ್ ಆದ ಮೇಲೆ ನುಂಗಿದರೆ ಸಾಕು, ಉಪವಾಸವೂ ಕೆಡದು, ಚಿಕಿತ್ಸೆಯೂ ಕೆಡದು. ಮರೆತರೆ ಅದೇ ದಿನ ನೆನಪಾದ ಕೂಡಲೇ ನುಂಗಬೇಕು. ಮರುದಿನದ ಹೊತ್ತೇ ಬಂದುಬಿಟ್ಟಿದ್ದರೆ ಒಂದೇ ನುಂಗಬೇಕು, ಎರಡಲ್ಲ.

ಎಡವುವುದು ಬೇರೆ ಕಡೆ. ಹೊಟ್ಟೆಯುರಿಗೆಂದು ಡೈಜಿನ್ನೋ ಜೆಲುಸಿಲ್ಲೋ ಕುಡಿದ ಬೆನ್ನಿಗೇ ಟಿಎಲ್‌ಡಿ ನುಂಗಿದರೆ, ಅದರಲ್ಲಿರುವ ಅಲ್ಯುಮಿನಿಯಂ, ಮೆಗ್ನೀಸಿಯಂ ಡೊಲುಟೆಗ್ರಾವಿರ್‌ಗೆ ಅಂಟಿಕೊಂಡು ಔಷಧಿ ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲ. ಟಿಎಲ್‌ಡಿ ನುಂಗಿ ಎರಡು ಗಂಟೆಯಾದ ಮೇಲೆ ಹೊಟ್ಟೆಯ ಔಷಧಿ. ಅದನ್ನು ಮೊದಲೇ ಕುಡಿದಿದ್ದರೆ ಆರು ಗಂಟೆ ಬಿಟ್ಟು ಟಿಎಲ್‌ಡಿ. ಗರ್ಭಿಣಿಯರಿಗೆ ಕೊಡುವ ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆಗೂ ಬರಿ ಹೊಟ್ಟೆಯಲ್ಲಿ ಇದೇ ಗತಿ. ಊಟದ ಜೊತೆ ಒಟ್ಟಿಗೆ ತೆಗೆದುಕೊಂಡರೆ ಅಡ್ಡಿಯಿಲ್ಲ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ನುಂಗುವವರಲ್ಲಿ ಡೊಲುಟೆಗ್ರಾವಿರ್ ಅದರ ಮಟ್ಟವನ್ನು ರಕ್ತದಲ್ಲಿ ಏರಿಸುತ್ತದೆ, ಹಾಗಾಗಿ ದಿನಕ್ಕೆ 1000 ಮಿಲಿಗ್ರಾಂ ಮೀರದಂತೆ ನೋಡಿಕೊಳ್ಳುತ್ತಾರೆ. ಕ್ಷಯಕ್ಕೆ ರಿಫಾಂಪಿಸಿನ್ ಶುರುವಾದರೆ ಲೆಕ್ಕ ತಿರುಗಾಮುರುಗಾ: ಅದು ಡೊಲುಟೆಗ್ರಾವಿರ್ ಅನ್ನು ಬೇಗ ಕರಗಿಸಿಬಿಡುತ್ತದೆ, ಅದಕ್ಕೇ ಟಿಎಲ್‌ಡಿ ನುಂಗಿ ಹನ್ನೆರಡು ಗಂಟೆಗೆ ಇನ್ನೊಂದು 50 ಮಿಲಿಗ್ರಾಂ ಡೊಲುಟೆಗ್ರಾವಿರ್ ಬೇಕು. ಕ್ಷಯದ ಚಿಕಿತ್ಸೆ ಮುಗಿದ ಮೇಲೂ ಎರಡು ವಾರ ಅದು ನಡೆಯಬೇಕು. ಎಚ್‌ಐವಿಯವರನ್ನು ಇವತ್ತಿಗೂ ಹೆಚ್ಚು ಕೊಲ್ಲುವುದು ಕ್ಷಯವೇ. ಆದ್ದರಿಂದ ಪ್ರತಿ ಭೇಟಿಯಲ್ಲೂ ಕೆಮ್ಮು, ಜ್ವರ, ತೂಕ ಇಳಿಕೆ, ರಾತ್ರಿ ಬೆವರು ಈ ನಾಲ್ಕನ್ನು ಕೇಳುತ್ತಾರೆ. ಕೇಳದಿದ್ದರೆ ತಾವಾಗಿಯೇ ಹೇಳಬೇಕು.

ಇನ್ನು ಎಣಿಕೆ. ಸೆಂಟರಿಗೆ ಡಬ್ಬಿ ಹಿಡಿದುಕೊಂಡೇ ಬನ್ನಿ ಎನ್ನುವುದು ಇದಕ್ಕಾಗಿ. ಮೂವತ್ತು ಮಾತ್ರೆ ಕೊಟ್ಟು ಇಪ್ಪತ್ತೆಂಟನೆಯ ದಿನಕ್ಕೆ ಕರೆದಿದ್ದಾರೆ ಅಂದುಕೊಳ್ಳಿ. ಡಬ್ಬಿಯಲ್ಲಿ ಎರಡು ಉಳಿದಿರಬೇಕು. ಐದು ಉಳಿದಿದ್ದರೆ ನುಂಗಿದ್ದು ಇಪ್ಪತ್ತೈದು, ನುಂಗಬೇಕಿದ್ದದ್ದು ಇಪ್ಪತ್ತೆಂಟು, ಅಂದರೆ ಶೇ 89. ದಾಟಬೇಕಾದ ಗೆರೆ ಶೇ 95. ತಿಂಗಳಿಗೆ ಒಂದು ತಪ್ಪಿದರೆ ಗೆರೆಯ ಮೇಲೆ, ಎರಡು ತಪ್ಪಿದರೆ ಕೆಳಗೆ. ಲೆಕ್ಕ ಇಷ್ಟು ನೇರವಾಗಿರುವುದರಿಂದಲೇ ಮೋಸವೂ ಸುಲಭ: ಬೈಸಿಕೊಳ್ಳುವ ಹೆದರಿಕೆಗೆ ಹೆಚ್ಚುವರಿ ಮಾತ್ರೆಯನ್ನು ದಾರಿಯಲ್ಲೇ ಚೆಲ್ಲಿ ಬರುತ್ತಾರೆ. ತಿಂಗಳಾನುಗಟ್ಟಲೆ ಕರಾರುವಾಕ್ಕಾಗಿ ನೂರಕ್ಕೆ ನೂರು ಬರುವ ಎಣಿಕೆಯನ್ನು ಒಳ್ಳೆಯ ಆಪ್ತ ಸಮಾಲೋಚಕರು ನಂಬುವುದಿಲ್ಲ. ‘ಯಾಕೆ ತಪ್ಪಿಸಿದಿರಿ’ ಎಂದು ಕೇಳುವ ಬದಲು ‘ಹೋದ ವಾರ ಯಾವ ದಿನ ಕಷ್ಟವಾಯಿತು’ ಎಂದು ಕೇಳುತ್ತಾರೆ. ಆಗ ನಿಜವಾದ ಉತ್ತರ ಬರುತ್ತದೆ: ನಾದಿನಿ ಬಂದಿದ್ದಳು, ಅವಳೆದುರು ಹೇಗೆ ನುಂಗಲಿ? ಮದುವೆ ಮನೆಯಲ್ಲಿ ಮೂರು ದಿನ ಒಂದೇ ಕೋಣೆಯಲ್ಲಿ ಹನ್ನೆರಡು ಜನ. ಕಬ್ಬು ಕಡಿಯಲು ಹೋದ ಕಡೆ ಚೀಲ ಎಲ್ಲರ ಕೈಗೂ ಸಿಗುವಂತಿತ್ತು. ಮರೆವು ಎಂದು ಕಾರ್ಡಿನಲ್ಲಿ ಬರೆದುಕೊಳ್ಳುವುದರಲ್ಲಿ ಬಹುಪಾಲು ಮರೆವಲ್ಲ.

ಆರಾಮಾಗಿದ್ದೇನೆ, ಇನ್ನೇಕೆ ಮಾತ್ರೆ ಎಂದು ನಿಲ್ಲಿಸುವವರೂ ಇದ್ದಾರೆ. ರಕ್ತದಲ್ಲಿ ವೈರಸ್ಸು ಕಾಣದಷ್ಟು ಇಳಿದಿರಬಹುದು, ಆದರೆ ನಿದ್ದೆ ಹೋದ ಕೆಲವು ಸಿಡಿ4 ಕೋಶಗಳ ಡಿಎನ್‌ಎಯಲ್ಲಿ ಅದು ಹೊಲಿದುಕೊಂಡೇ ಕುಳಿತಿರುತ್ತದೆ. ಅಲ್ಲಿ ಈ ಯಾವ ಔಷಧಿಯ ಆಟವೂ ನಡೆಯುವುದಿಲ್ಲ. ಮಾತ್ರೆ ನಿಂತ ಎರಡರಿಂದ ನಾಲ್ಕು ವಾರದಲ್ಲಿ ಹೆಚ್ಚಿನವರಲ್ಲಿ ವೈರಸ್ಸು ಮತ್ತೆ ರಕ್ತಕ್ಕೆ ಬರುತ್ತದೆ. ಹೆಪಟೈಟಿಸ್ ಬಿ ಕೂಡ ಇದ್ದವರಿಗೆ ಇನ್ನೊಂದು ಅಪಾಯ: ಟೆನೊಫೊವಿರ್, ಲ್ಯಾಮಿವುಡಿನ್ ಎರಡೂ ಅದನ್ನೂ ಹಿಡಿದಿಟ್ಟಿರುತ್ತವೆ, ಥಟ್ಟನೆ ಬಿಟ್ಟರೆ ಲಿವರ್ ಕೆರಳುತ್ತದೆ.

ಔಷಧಿ ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ಇರುವ ಗಟ್ಟಿ ಸಾಕ್ಷಿ, ರಕ್ತದಲ್ಲಿ ವೈರಸ್ಸು ಎಷ್ಟಿದೆ ಎಂದು ಅಳೆಯುವ ವೈರಲ್ ಲೋಡ್ ಪರೀಕ್ಷೆ. ಶುರು ಮಾಡಿದ ಆರನೆಯ ತಿಂಗಳು, ಹನ್ನೆರಡನೆಯ ತಿಂಗಳು, ಆಮೇಲೆ ವರ್ಷಕ್ಕೊಮ್ಮೆ. ಒಂದು ಮಿಲಿಲೀಟರಿಗೆ 1000ಕ್ಕಿಂತ ಕಡಿಮೆ ಇದ್ದರೆ ಹತೋಟಿಯಲ್ಲಿದೆ ಎಂದು ಲೆಕ್ಕ. 1000 ದಾಟಿದರೆ ಔಷಧಿಯನ್ನು ತಕ್ಷಣ ಬದಲಿಸುವುದಿಲ್ಲ. ಮೂರು ತಿಂಗಳು ಹತ್ತಿರದಿಂದ ಸಮಾಲೋಚನೆ ಮಾಡಿ, ಮಾತ್ರೆ ಸರಿಯಾಗಿ ನುಂಗಿಸಿ, ಮತ್ತೊಮ್ಮೆ ಪರೀಕ್ಷೆ ಮಾಡುತ್ತಾರೆ. ಆಗಲೂ ಇಳಿಯದಿದ್ದರೆ ಮಾತ್ರ ತಜ್ಞರ ಸಮಿತಿಯ ಮುಂದಿಟ್ಟು ಎರಡನೆಯ ಸಾಲಿನ ಔಷಧಿ. ಈ ತಾಳ್ಮೆಗೆ ಅರ್ಥವಿದೆ. ನೆವಿರಪಿನ್, ಎಫವಿರೆಂಜ್ ಕಾಲದಲ್ಲಿ ವೈರಸ್ಸಿನ ಒಂದೇ ಒಂದು ಬದಲಾವಣೆ ಔಷಧಿಯನ್ನು ಸೋಲಿಸಬಲ್ಲದಾಗಿತ್ತು. ಡೊಲುಟೆಗ್ರಾವಿರ್ ಅಷ್ಟು ಬೇಗ ಸೋಲುವುದಿಲ್ಲ. ಲೋಡ್ ಏರಿದ್ದರೆ ಹೆಚ್ಚಾಗಿ ಮಾತ್ರೆ ಹೊಟ್ಟೆಗೆ ಹೋಗಿಲ್ಲ ಎಂದೇ ಅರ್ಥ.

ಇದರ ಜೊತೆಗಿರುವ ಇನ್ನೊಂದು ಸತ್ಯವನ್ನು ನಮ್ಮ ವ್ಯವಸ್ಥೆ ಯಾಕೋ ಪಿಸುಮಾತಿನಲ್ಲಿ ಹೇಳುತ್ತದೆ. ವೈರಲ್ ಲೋಡ್ ಪತ್ತೆಯಾಗದ ಮಟ್ಟಕ್ಕೆ ಇಳಿದು ಹಾಗೇ ಉಳಿದಿದ್ದರೆ ಲೈಂಗಿಕ ಸಂಪರ್ಕದಿಂದ ಸೋಂಕು ದಾಟುವುದಿಲ್ಲ. ‘ಕಡಿಮೆ ದಾಟುತ್ತದೆ’ ಎಂದಲ್ಲ, ದಾಟುವುದಿಲ್ಲ. ಒಬ್ಬರು ಪಾಸಿಟಿವ್, ಇನ್ನೊಬ್ಬರು ನೆಗೆಟಿವ್ ಇರುವ ಜೋಡಿಗಳನ್ನು ಯುರೋಪಿನಲ್ಲಿ ವರ್ಷಗಟ್ಟಲೆ ಗಮನಿಸಿದ ಪಾರ್ಟ್‌ನರ್ ಅಧ್ಯಯನಗಳು 2016 ಮತ್ತು 2019ರಲ್ಲಿ ಪ್ರಕಟವಾದವು. ಕಾಂಡೋಮ್ ಇಲ್ಲದ ಸಾವಿರಾರು ಸಂಪರ್ಕಗಳಲ್ಲಿ, ಔಷಧಿಯಿಂದ ವೈರಸ್ಸು ಅಡಗಿದ್ದ ಜೊತೆಗಾರರಿಂದ ದಾಟಿದ ಸೋಂಕು ಸೊನ್ನೆ. ವಿಶ್ವ ಆರೋಗ್ಯ ಸಂಸ್ಥೆಯೂ ಇದನ್ನೇ ಹೇಳುತ್ತದೆ. ಈ ಮಾತು ಪಲ್ಸ್ ಪೋಲಿಯೊದಂತೆ ಬಸ್ಸಿನ ಹಿಂಬದಿಯಲ್ಲಿ ಬರೆಯಬೇಕಾದದ್ದು. ಹೇಳಿದರೆ ಜನ ಕಾಂಡೋಮ್ ಬಿಟ್ಟುಬಿಡುತ್ತಾರೆ ಎಂಬ ಅಂಜಿಕೆ ಇದೆ. ಸಿಫಿಲಿಸ್, ಹೆಪಟೈಟಿಸ್ ಬಿ ತಡೆಯಲು ಕಾಂಡೋಮ್ ಬೇಕೇ ಬೇಕು ಎಂಬುದನ್ನೂ ಅದೇ ಉಸಿರಿನಲ್ಲಿ ಹೇಳಬಹುದು. ಕಾಂಡೋಮ್ ವಿಷಯದಲ್ಲಿ ನಿಜವಾಗಿ ಕೆಡುವುದು ಬೇರೆ: ಕೊಬ್ಬರಿ ಎಣ್ಣೆ ಹಚ್ಚುವುದು. ಎಣ್ಣೆ ಲೇಟೆಕ್ಸ್ ಅನ್ನು ಕೆಲವೇ ನಿಮಿಷದಲ್ಲಿ ದುರ್ಬಲಗೊಳಿಸುತ್ತದೆ. ಜಾರಿಕೆ ಬೇಕಿದ್ದರೆ ನೀರಿನಾಧಾರಿತ ಜೆಲ್ ಬೇಕು. ಪರ್ಸಿನಲ್ಲಿ ತಿಂಗಳಾನುಗಟ್ಟಲೆ ಬೆವರಿದ ಪ್ಯಾಕೆಟ್ಟನ್ನೂ ನಂಬಬಾರದು.

ಪರೀಕ್ಷೆಯ ಬಗ್ಗೆ ಒಂದು ಸಣ್ಣ ಗಣಿತ. ದೇಶದ ವಯಸ್ಕರಲ್ಲಿ ಎಚ್‌ಐವಿ ಇರುವವರು ಸುಮಾರು ಶೇ 0.2, ಒಟ್ಟು 25 ಲಕ್ಷದ ಮೇಲೆ. ಹತ್ತು ಸಾವಿರ ಜನರಿಗೆ ಪರೀಕ್ಷೆ ಮಾಡಿದರೆ ನಿಜವಾಗಿ ಸೋಂಕಿರುವವರು ಇಪ್ಪತ್ತು. ಒಂದು ಕಿಟ್ಟು ಸೋಂಕಿಲ್ಲದ ಸಾವಿರ ಜನರಲ್ಲಿ ಐದು ಮಂದಿಗೆ ತಪ್ಪಾಗಿ ಪಾಸಿಟಿವ್ ತೋರಿಸುತ್ತದೆ ಎಂದು ಇಟ್ಟುಕೊಳ್ಳಿ. ಆಗ ಸುಮಾರು ಐವತ್ತು ಜನ ಆರೋಗ್ಯವಂತರು ‘ಪಾಸಿಟಿವ್’ ಆಗುತ್ತಾರೆ, ನಿಜವಾದವರಿಗಿಂತ ಎರಡೂವರೆ ಪಟ್ಟು! ಅದಕ್ಕೇ ಐಸಿಟಿಸಿಯಲ್ಲಿ, ಅಂದರೆ ಸರ್ಕಾರಿ ಪರೀಕ್ಷೆ ಮತ್ತು ಸಮಾಲೋಚನೆ ಕೇಂದ್ರದಲ್ಲಿ, ಮೊದಲ ಕಿಟ್ಟು ಗೆರೆ ತೋರಿಸಿದರೆ, ಬೇರೆ ಬೇರೆ ರೀತಿಯಲ್ಲಿ ಕೆಲಸ ಮಾಡುವ ಇನ್ನೆರಡು ಕಿಟ್ಟುಗಳಲ್ಲಿ ಪರೀಕ್ಷಿಸಿ, ಮೂರೂ ಒಂದೇ ಹೇಳಿದರೆ ಮಾತ್ರ ಪಾಸಿಟಿವ್ ಎಂದು ಬರೆದುಕೊಡುತ್ತಾರೆ. ಖಾಸಗಿ ಲ್ಯಾಬಿನ ಒಂದೇ ಕಿಟ್ಟಿನ ವರದಿ ಹಿಡಿದು ಮದುವೆ ಮುರಿದುಕೊಳ್ಳುವವರು, ಬಾವಿಯ ಕಡೆ ನಡೆಯುವವರು ಈ ಲೆಕ್ಕವನ್ನು ಯಾರಿಂದಲೂ ಕೇಳಿರುವುದಿಲ್ಲ. ಮದುವೆಗೆ ಮುಂಚೆ ಎಲ್ಲರಿಗೂ ಕಡ್ಡಾಯ ಪರೀಕ್ಷೆ ಮಾಡಿಸಿ ಎಂಬ ಸಲಹೆ ಆಗಾಗ ತಲೆ ಎತ್ತುತ್ತದಲ್ಲ, ಅದಕ್ಕೂ ಈ ಲೆಕ್ಕವೇ ಉತ್ತರ. ಸಾಲದ್ದಕ್ಕೆ ಸೋಂಕು ತಗುಲಿದ ಮೊದಲ ವಾರಗಳಲ್ಲಿ ಪರೀಕ್ಷೆ ನೆಗೆಟಿವ್ ಬರುತ್ತದೆ. ಅನುಮಾನದ ಘಟನೆ ಇದ್ದವರು ಮೂರು ತಿಂಗಳಿಗೆ ಮತ್ತೊಮ್ಮೆ ಮಾಡಿಸಲೇಬೇಕು.

ತಾಯಿಯಿಂದ ಮಗುವಿಗೆ ದಾಟುವುದನ್ನು ತಡೆಯುವ ಕೆಲಸ ನಮ್ಮಲ್ಲಿ ಚೆನ್ನಾಗಿ ನಡೆದಿರುವ ಭಾಗ. ತಾಯಿ ಕಾರ್ಡ್ ಮಾಡಿಸುವಾಗಲೇ ಎಚ್‌ಐವಿ, ಸಿಫಿಲಿಸ್ ಪರೀಕ್ಷೆ. ಏನೂ ಮಾಡದಿದ್ದರೆ ನೂರರಲ್ಲಿ ಮೂವತ್ತರ ಆಸುಪಾಸು ಮಕ್ಕಳಿಗೆ ದಾಟುವ ಸೋಂಕು, ತಾಯಿ ಬೇಗ ಟಿಎಲ್‌ಡಿ ಶುರು ಮಾಡಿ ಹೆರಿಗೆ ಹೊತ್ತಿಗೆ ಲೋಡ್ ಇಳಿಸಿಕೊಂಡರೆ ನೂರಕ್ಕೆ ಒಂದೆರಡಕ್ಕೆ, ಅದಕ್ಕೂ ಕೆಳಗೆ ಇಳಿಯುತ್ತದೆ. ಮಗುವಿಗೆ ಹುಟ್ಟಿದ ಕೂಡಲೇ ನೆವಿರಪಿನ್ ಸಿರಪ್, ಸಾಮಾನ್ಯವಾಗಿ ಆರು ವಾರ. ತಾಯಿಯ ಲೋಡ್ ಹೆಚ್ಚಿದ್ದರೆ ಜೊತೆಗೊಂದು ಸಿರಪ್ ಸೇರುತ್ತದೆ. ಆರನೆಯ ವಾರಕ್ಕೆ ಹಿಮ್ಮಡಿಗೆ ಚುಚ್ಚಿ ರಟ್ಟಿನ ಕಾಗದದ ಮೇಲೆ ರಕ್ತದ ಬೊಟ್ಟುಗಳನ್ನು ಇಟ್ಟು ಒಣಗಿಸಿ ಲ್ಯಾಬಿಗೆ ಕಳಿಸುತ್ತಾರೆ. ಬೊಟ್ಟು ವೃತ್ತ ತುಂಬಿರಬೇಕು, ಒಂದರ ಮೇಲೊಂದು ಹಾಕಬಾರದು, ಪೂರ್ತಿ ಒಣಗುವ ಮೊದಲು ಕವರಿಗೆ ಹಾಕಬಾರದು. ಈ ಮೂರರಲ್ಲಿ ಒಂದು ತಪ್ಪಿದರೂ ಸ್ಯಾಂಪಲ್ ತಿರಸ್ಕೃತವಾಗಿ ತಾಯಿ ಮತ್ತೊಮ್ಮೆ ಬರಬೇಕಾಗುತ್ತದೆ, ಬಾರದೆಯೂ ಇರಬಹುದು. ಕೊನೆಯ ತೀರ್ಮಾನದ ಪರೀಕ್ಷೆ ಹದಿನೆಂಟನೆಯ ತಿಂಗಳಿಗೆ. ಅಲ್ಲಿಯವರೆಗೆ ಮಗುವಿನ ರಕ್ತದಲ್ಲಿ ತಾಯಿಯದೇ ಪ್ರತಿಕಾಯಗಳು ಉಳಿದಿರಬಹುದು.

ಮನೆಯಲ್ಲಿ ಎಡವುವ ಜಾಗ ಒಂದಿದೆ. ಮೊದಲ ಆರು ತಿಂಗಳು ಎದೆಹಾಲು ಮಾತ್ರ ಎಂದರೆ ಎದೆಹಾಲು ಮಾತ್ರ. ಜೇನುತುಪ್ಪ ನೆಕ್ಕಿಸುವುದು, ಬಜೆ ತೇಯ್ದು ಹಾಕುವುದು, ಹಸುವಿನ ಹಾಲಿಗೆ ನೀರು ಬೆರೆಸಿ ಕುಡಿಸುವುದು ಇವೆಲ್ಲ ಮಗುವಿನ ಕರುಳಿನ ಒಳಪೊರೆಯನ್ನು ಕೆರಳಿಸುತ್ತವೆ. ಕೆರಳಿದ ಪೊರೆಯ ಮೂಲಕ ವೈರಸ್ಸಿಗೆ ದಾರಿ ಸುಲಭ. ಎದೆಹಾಲು ಮತ್ತು ಮೇಲಿನ ಹಾಲು ಬೆರೆಸುವುದು, ಎರಡರಲ್ಲಿ ಒಂದನ್ನೇ ಕೊಡುವುದಕ್ಕಿಂತ ಅಪಾಯ. ಆದರೆ ಬಾಣಂತಿಯ ಕೋಣೆಯಲ್ಲಿ ಅತ್ತೆಯ ಕೈ ತಡೆಯಬೇಕಾದರೆ ಸೊಸೆ ಕಾರಣ ಹೇಳಬೇಕಲ್ಲ. ಅದಕ್ಕೆ ಆಶಾ ಕಾರ್ಯಕರ್ತೆಯರು ಎಲ್ಲರ ಮನೆಯಲ್ಲೂ, ಯಾರ ಕಾರಣವನ್ನೂ ಹೇಳದೆ, ಇದೇ ನಿಯಮ ಹೇಳಿಬರುತ್ತಾರೆ. ಗುಟ್ಟು ಉಳಿಸುವ ಜಾಣ ದಾರಿ ಅದು.

ತುರ್ತಿನ ಮಾತು ಒಂದು. ಸೂಜಿ ಚುಚ್ಚಿಕೊಂಡ ನರ್ಸ್, ಕಸ ಬೇರ್ಪಡಿಸುವ ಪೌರಕಾರ್ಮಿಕರು, ಅತ್ಯಾಚಾರಕ್ಕೆ ಒಳಗಾದವರು ಇವರಿಗೆಲ್ಲ ತಡೆ ಚಿಕಿತ್ಸೆ ಇದೆ, ಆದರೆ ಗಡಿಯಾರ ಓಡುತ್ತಿರುತ್ತದೆ. ಎರಡು ಗಂಟೆಯೊಳಗೆ ಶುರುವಾದರೆ ಉತ್ತಮ, 72 ಗಂಟೆ ದಾಟಿದರೆ ಕೊಡುವುದಿಲ್ಲ, ಶುರು ಮಾಡಿದರೆ 28 ದಿನ ಬಿಡದೆ ನುಂಗಬೇಕು. ಗಾಯವನ್ನು ಸೋಪು ನೀರಿನಲ್ಲಿ ತೊಳೆಯಬೇಕು, ಅಷ್ಟೇ. ಹಿಂಡಬಾರದು, ಬಾಯಿಗಿಟ್ಟು ಚೀಪಬಾರದು, ಬ್ಲೀಚ್ ಸುರಿಯಬಾರದು. ಎಆರ್‌ಟಿ ಸೆಂಟರ್ ಸಂಜೆ ಮುಚ್ಚಿದ್ದರೆ ತುರ್ತು ಚಿಕಿತ್ಸಾ ವಿಭಾಗದಲ್ಲಿ ಕೇಳಬೇಕು. ಭಾನುವಾರ ಕಳೆಯಲಿ ಎಂದು ಕಾಯುವುದೇ ಇಲ್ಲಿ ಆಗುವ ದೊಡ್ಡ ತಪ್ಪು.

ಮಾತ್ರೆಗಿಂತ ಮೊದಲು ಕರ್ನಾಟಕವನ್ನು ಕಾಪಾಡಿದ್ದು ಏನು? ಬೆಳಗಾವಿ, ಬಾಗಲಕೋಟೆ, ವಿಜಯಪುರದ ಹಳ್ಳಿಗಳಿಂದ ಹೆಣ್ಣುಮಕ್ಕಳು ಲೈಂಗಿಕ ವೃತ್ತಿಗೆಂದು ಮುಂಬೈ, ಪುಣೆ, ಸಾಂಗ್ಲಿಗೆ ಹೋಗಿ ಬರುತ್ತಿದ್ದ ದಾರಿ ಹಳೆಯದು. ದೇವದಾಸಿ ಸಮರ್ಪಣೆಯನ್ನು 1982ರ ಕಾಯ್ದೆ ನಿಷೇಧಿಸಿದರೂ ದಾರಿ ಮುಚ್ಚಿರಲಿಲ್ಲ. 2003ರಿಂದ ಗೇಟ್ಸ್ ಪ್ರತಿಷ್ಠಾನದ, ಎಚ್‌ಐವಿ ತಡೆಯುವ ಆವಾಹನ್ ಯೋಜನೆ ಇಲ್ಲಿಯೂ ನಡೆಯಿತು. ಹಣ ಹೊರಗಿನದು, ಆದರೆ ಕೆಲಸ ಹಿಡಿದದ್ದು ಲೈಂಗಿಕ ವೃತ್ತಿಯ ಮಹಿಳೆಯರೇ ಅದನ್ನು ಕೈಗೆತ್ತಿಕೊಂಡಾಗ. ಮೈಸೂರಿನ ಆಶೋದಯ ಸಮಿತಿ, ಮುಧೋಳದ ಚೈತನ್ಯ ಮಹಿಳಾ ಸಂಘ ಹಾಗೆ ಬೆಳೆದವು. ಹೊರಗಿನವರು ಬಂದು ಕಾಂಡೋಮ್ ಹಂಚಿ ಹೋದರೆ ಅದು ಚೀಲದಲ್ಲೇ ಉಳಿಯುತ್ತದೆ, ಏಕೆಂದರೆ ಚೀಲದಲ್ಲಿ ಕಾಂಡೋಮ್ ಸಿಕ್ಕಿದ್ದನ್ನೇ ಸಾಕ್ಷಿ ಮಾಡಿಕೊಂಡು ಪೊಲೀಸರು ಹಿಡಿಯುತ್ತಿದ್ದರು. ಮೊದಲು ಆ ಹೆದರಿಕೆ ಹೋಗಬೇಕಿತ್ತು. ಯಾರನ್ನಾದರೂ ಠಾಣೆಗೆ ಒಯ್ದರೆ ಹಗಲು ರಾತ್ರಿ ಎನ್ನದೆ ಓಡಿ ಬರುವ ಗುಂಪು, ವಕೀಲರ ಪರಿಚಯ, ಬೈಯದೆ ನೋಡುವ ಕ್ಲಿನಿಕ್ಕು ಇವು ಸಿಕ್ಕ ಮೇಲೆ ಕಾಂಡೋಮ್ ಚೀಲದಿಂದ ಹೊರಬಂತು. ಸೋಂಕು ಬಾರದಂತೆ ಮೊದಲೇ ನುಂಗುವ ಪ್ರೆಪ್ ಮಾತ್ರೆಯ ಪ್ರಾಯೋಗಿಕ ಬಳಕೆಯೂ ದೇಶದಲ್ಲಿ ನಡೆದದ್ದು ಇದೇ ಆಶೋದಯದಲ್ಲಿ ಮತ್ತು ಇಂಥದೇ ಸಂಘಟನೆಯಾದ ಕೋಲ್ಕತ್ತದ ದರ್ಬಾರ್ ಸಮಿತಿಯಲ್ಲಿ. ಆದರೂ ಪ್ರೆಪ್ ಎಲ್ಲ ಸರ್ಕಾರಿ ಕಿಟಕಿಗಳಲ್ಲಿ ಸುಲಭವಾಗಿ ಸಿಗುವ ಕಾಲ ಇನ್ನೂ ಬಂದಿಲ್ಲ. ಆರು ತಿಂಗಳಿಗೊಮ್ಮೆ ಚುಚ್ಚುವ ಲೆನಾಕಾಪಾವಿರ್ ಸೂಜಿ ಹಾಕಿಸಿಕೊಂಡ ದಕ್ಷಿಣ ಆಫ್ರಿಕಾ, ಉಗಾಂಡದ 2134 ಹೆಣ್ಣುಮಕ್ಕಳಲ್ಲಿ ಒಬ್ಬರಿಗೂ ಸೋಂಕು ತಗುಲಲಿಲ್ಲ ಎಂದು 2024ರಲ್ಲಿ ಗೊತ್ತಾಯಿತು. ಅದರ ಗುಣ ನೂರು ಹೇಳಬಹುದು; ನನಗೆ ಕಾಣುವ ಮೊದಲ ಗುಣ, ಮನೆಗೆ ಒಯ್ಯುವ ಡಬ್ಬಿಯೇ ಇಲ್ಲ.

ಕಾಯ್ದೆಯೂ ಇದೆ. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಒಪ್ಪಿಗೆ ಇಲ್ಲದೆ ಪರೀಕ್ಷೆ ಮಾಡುವಂತಿಲ್ಲ, ಫಲಿತಾಂಶವನ್ನು ಬೇರೆಯವರಿಗೆ ಹೇಳುವಂತಿಲ್ಲ, ಕೆಲಸ, ಶಾಲೆ, ಬಾಡಿಗೆ ಮನೆ, ಚಿಕಿತ್ಸೆ ನಿರಾಕರಿಸುವಂತಿಲ್ಲ. ದೂರು ಕೇಳಲು ರಾಜ್ಯದಲ್ಲಿ ಓಂಬುಡ್ಸ್‌ಮನ್ ಇರಬೇಕು, 30 ದಿನದೊಳಗೆ ಆದೇಶ ಕೊಡಬೇಕು, ತುರ್ತು ಚಿಕಿತ್ಸೆಯ ವಿಷಯವಾದರೆ ಆದಷ್ಟೂ 24 ಗಂಟೆಯೊಳಗೆ. ಕಾಗದದ ಮೇಲೆ ಇದಕ್ಕಿಂತ ಚೆನ್ನಾದ ಕಾಯ್ದೆ ಕಷ್ಟ. ಆದರೆ ಗುಟ್ಟು ಕಾಪಾಡುವ ಕಾಯ್ದೆಯ ಅಡಿಯಲ್ಲಿ ದೂರು ಕೊಡಲು ಮೊದಲು ಗುಟ್ಟು ಬಿಡಬೇಕು ಎಂಬ ಅಂಜಿಕೆ ಜನರನ್ನು ತಡೆಯುತ್ತದೆ. ದೂರುದಾರರ ಹೆಸರನ್ನು ಗೋಪ್ಯವಾಗಿಡಬೇಕೆಂದು ಅದೇ ಕಾಯ್ದೆ ಹೇಳುತ್ತದೆ, ಗೊತ್ತಿರುವವರು ಕಡಿಮೆ. ಆಸ್ಪತ್ರೆಯ ಕೇಸ್ ಶೀಟಿನ ಮೇಲೆ ಕೆಂಪು ಶಾಯಿಯಲ್ಲಿ ದಪ್ಪಗೆ ಬರೆಯುವುದು, ಮಂಚಕ್ಕೆ ಬೋರ್ಡು ನೇತುಹಾಕುವುದು ಈ ಕಾಯ್ದೆಗೆ ನೇರ ವಿರುದ್ಧ. ಅದರಿಂದ ಸಿಬ್ಬಂದಿಗೆ ರಕ್ಷಣೆಯೂ ಇಲ್ಲ. ಬೋರ್ಡಿಲ್ಲದ ಮಂಚದಲ್ಲಿ ಪರೀಕ್ಷೆಯಾಗದ ಸೋಂಕಿತರು ಮಲಗಿರಬಹುದು. ಎಲ್ಲರಿಗೂ ಒಂದೇ ಬಗೆಯ ಗ್ಲೌಸು, ಒಂದೇ ಬಗೆಯ ಎಚ್ಚರಿಕೆ, ರಕ್ಷಣೆ ಇರುವುದು ಅದರಲ್ಲಿ.

ಸೆಂಟರಿನ ದೂರ ಉಳಿದೇ ಇದೆ. ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರಿಗೆ ಬಸ್ಸಿನ ದುಡ್ಡು ಉಳಿಯಿತು, ಒಂದು ದಿನದ ಕೂಲಿ ಹೋಗುವುದು ತಪ್ಪಲಿಲ್ಲ. ಎಷ್ಟೋ ಜನ ತಮ್ಮ ತಾಲ್ಲೂಕಿನ ಲಿಂಕ್ ಎಆರ್‌ಟಿ ಸೆಂಟರ್ ಬಿಟ್ಟು ಬೇಕೆಂದೇ ಎರಡು ಜಿಲ್ಲೆ ಆಚೆ ಹೋಗುತ್ತಾರೆ, ಅಲ್ಲಿ ಪರಿಚಯದ ಮುಖ ಸಿಗದು ಎಂದು. ದೂರ ಹೋಗುವವರ ಮಾತ್ರೆ ಮೊದಲು ತಪ್ಪುತ್ತದೆ. ಕಬ್ಬಿನ ಹಂಗಾಮಿಗೆ, ಗೋವಾದ ಕಟ್ಟಡ ಕೆಲಸಕ್ಕೆ, ಮಂಗಳೂರಿನ ಬಂದರಿಗೆ ಹೊರಡುವವರು ಹೊರಡುವ ಮೊದಲೇ ಹೇಳಿದರೆ ಹೆಚ್ಚಿನ ಮಾತ್ರೆ ಕೊಡುತ್ತಾರೆ, ತುಂಬ ದಿನವಾದರೆ ಅಲ್ಲಿನ ಸೆಂಟರಿಗೆ ವರ್ಗಾವಣೆ ಚೀಟಿ ಕೊಡುತ್ತಾರೆ. ಹಸಿರು ಪುಸ್ತಕ ಒಯ್ಯಲು ಹೆದರಿಕೆಯಾದರೆ ಅದರ ಮೊದಲ ಪುಟ, ಕೊನೆಯ ಭೇಟಿಯ ಪುಟ ಎರಡರ ಫೋಟೊ ಮೊಬೈಲಿನಲ್ಲಿರಲಿ. ಯಾವ ಸೆಂಟರ್ ಎಲ್ಲಿದೆ ಎಂದು 1097ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಹೇಳುತ್ತಾರೆ, ಕರೆಗೆ ದುಡ್ಡಿಲ್ಲ.

ಕೋವಿಡ್ ಕಾಲದಲ್ಲಿ, ಲೋಡ್ ಹತೋಟಿಯಲ್ಲಿರುವವರಿಗೆ ಮೂರು ತಿಂಗಳ ಮಾತ್ರೆಯನ್ನು ಒಂದೇ ಸಲ ಕೊಡುವ ರೂಢಿ ಬಲವಾಯಿತು. ಔಷಧಿ ಸಾಕಷ್ಟಿಲ್ಲದಾಗ ಅದೇ ಮೊದಲು ಕುಗ್ಗುತ್ತದೆ. 2022ರಲ್ಲಿ ಔಷಧಿ ಸಿಗದೆ ದೆಹಲಿಯ ನ್ಯಾಕೊ ಕಚೇರಿಯ ಎದುರು ಜನ ವಾರಗಟ್ಟಲೆ ಧರಣಿ ಕೂತರು. ಸಿಕ್ಕಾಗ ಮಾತ್ರ ಅದು ದೊಡ್ಡ ಅನುಕೂಲ: ವರ್ಷಕ್ಕೆ ಹನ್ನೆರಡು ಪ್ರಯಾಣ ಇದ್ದದ್ದು ನಾಲ್ಕಾಗುತ್ತದೆ. ಆದರೆ ಬಚ್ಚಿಡಬೇಕಾದ ಡಬ್ಬಿಗಳು ಒಂದಿದ್ದದ್ದು ಮೂರಾಗುತ್ತವೆ. ಒಲೆಯ ಪಕ್ಕದ ಗೂಡು ಬೇಡ, ಅಲ್ಲಿ ಬಿಸಿ. ಬಚ್ಚಲ ಮನೆಯ ಮಾಡ ಬೇಡ, ಅಲ್ಲಿ ತೇವ. ತಗಡಿನ ಮಾಳಿಗೆಯ ಅಟ್ಟವಂತೂ ಬೇಸಿಗೆಯಲ್ಲಿ ಕಾದ ಬಾಣಲೆ. ಟ್ರಂಕಿನ ತಳದಲ್ಲಿ, ಹಳೇ ಸೀರೆಗಳ ನಡುವೆ, ಮುಚ್ಚಳ ತೆರೆಯದ ಎರಡು. ಕೈಗೆಟುಕುವಲ್ಲಿ ಟವೆಲ್ ಸುತ್ತಿದ ಒಂದು.